ಒಂದೇ ಬಾಗಿಲಿನ ಎರಡು ಭಿಕ್ಷೆ

ಪೂಜ್ಯ ಶ್ರೀ ಪರ್ವತಯ್ಯಜ್ಜನವರು ಮುಳ್ಳಗೇರಿಯಲ್ಲಿ ವಾಸವಾಗಿದ್ದುದು ಮಠದಲ್ಲಲ್ಲ. ಮಠ ಕಟ್ಟಿಸಿಕೊಡುತ್ತೇವೆಂದು ಊರ ಹಿರಿಯರು ಮೂರು ಸಲ ಕಲ್ಲು ತಂದು ಹಾಕಿದರು. ಮೂರು ಸಲವೂ ಅಜ್ಜನವರು, ಯಾರ ಮನೆಯ ಗೋಡೆ ಬಿದ್ದಿದೆಯೋ ಅವರಿಗೆ ಆ ಕಲ್ಲು ಹೊರಿಸಿ ಕಳಿಸಿಬಿಟ್ಟರು. ನಾಲ್ಕನೆಯ ಸಲ ಹಿರಿಯರೇ ಸುಸ್ತಾಗಿ ಸುಮ್ಮನಾದರು. ಹೀಗಾಗಿ ಎಣ್ಣೆಗಾಣದ ಹಿಂದೆ, ಗಾಣದೆತ್ತು ಕಟ್ಟುವ ಕೊಟ್ಟಿಗೆಗೆ ಆನಿಸಿಕೊಂಡಿದ್ದ ಜೋಳದ ದಂಟಿನ ಗುಡಿಸಲೇ ಶ್ರೀಗಳ ಸನ್ನಿಧಾನ. ಅಜ್ಜನವರ ದರ್ಶನಕ್ಕೆ ಬಂದವರು ಮೊದಲು ಎತ್ತಿನ ದರ್ಶನ ಮಾಡಿಕೊಂಡೇ ಮುಂದೆ ಹೋಗಬೇಕಿತ್ತು. ಒಮ್ಮೊಮ್ಮೆ ಆ ಎತ್ತು ಭಕ್ತರ ರುಮಾಲಿನ ಚುಂಗನ್ನು ಬಾಯಿಗೆ ಹಾಕಿಕೊಂಡು, ಅರ್ಧ ಕಾಣಿಕೆಯನ್ನು ತಾನೇ ಸ್ವೀಕರಿಸಿಬಿಡುತ್ತಿತ್ತು. ಅಜ್ಜನವರು ನಗುತ್ತಿದ್ದರು.

ಶ್ರೀಗಳದು ಒಂದು ನಿಯಮವಿತ್ತು. ದಿನಕ್ಕೆ ಐದು ಮನೆಯ ಭಿಕ್ಷೆ. ಬಾಗಿಲಲ್ಲಿ ನಿಂತು ಆ ಮನೆಯ ಒಡತಿಯ ಹೆಸರು ಹಿಡಿದು ಒಂದೇ ಸಲ ಕರೆಯುವರು. ಒಂದು ಆಕಳು ಹಿಂಡುವಷ್ಟು ಹೊತ್ತು ನಿಲ್ಲುವರು. ರೊಟ್ಟಿ ಬಂದರೆ ಜೋಳಿಗೆಗೆ ಹಾಕಿಸಿಕೊಂಡು ಮುಂದಿನ ಮನೆ. ಬರದಿದ್ದರೆ ಆ ದಿನದ ಭಿಕ್ಷೆ ಅಲ್ಲಿಗೇ ಮುಗಿಯಿತು. ಆ ಬಾಗಿಲು ದಾಟಿ ಇನ್ನೊಂದು ಬಾಗಿಲಿಗೆ ಹೋಗುವಂತಿಲ್ಲ, ಉಪವಾಸ. ಆದರೆ ಮುಳ್ಳಗೇರಿಯ ಹೆಣ್ಣುಮಕ್ಕಳು ಅಜ್ಜನವರ ಕೆಮ್ಮು ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ರೊಟ್ಟಿ ಹಿಡಿದು ಹೊಸ್ತಿಲಿಗೆ ಬಂದು ನಿಂತಿರುತ್ತಿದ್ದರು. ಮೂವತ್ತು ವರುಷದಲ್ಲಿ ನಿಯಮದ ಆ ಕೊನೆಯ ಭಾಗಕ್ಕೆ ಕೆಲಸವೇ ಬಿದ್ದಿರಲಿಲ್ಲ. ಅದಕ್ಕೆ ಕೆಲಸ ಬಿದ್ದ ಎರಡು ದಿನಗಳ ಪ್ರಸಂಗವಿದು.

ಸ್ವಾತಂತ್ರ್ಯ ಬಂದ ಮರುವರುಷ. ನಮ್ಮ ಸೀಮೆಗೆ ಸ್ವಾತಂತ್ರ್ಯ ಬಂದಿತ್ತು. ಗಡಿಯಾಚೆ, ನಿಜಾಮನ ಸೀಮೆಗೆ ಇನ್ನೂ ಬಂದಿರಲಿಲ್ಲ. ರಜಾಕಾರರ ಹಾವಳಿಗೆ ಅಲ್ಲಿನ ಊರುಗಳು ಒಂದೊಂದಾಗಿ ಹೊತ್ತಿಕೊಂಡವು. ಶಿವರಾತ್ರಿಯ ಮುಂದೆ ನಲವತ್ತೆರಡು ಮನೆತನದವರು, ತಲೆಯ ಮೇಲೆ ಒಂದೊಂದು ಗಂಟು ಹೊತ್ತು, ಮುಳ್ಳಗೇರಿಯ ಅಗಸಿಬಾಗಿಲಿಗೆ ಬಂದು ನಿಂತರು. ಅವರಲ್ಲಿ ಒಕ್ಕಲಿಗರಿದ್ದರು, ಕಂಬಾರರಿದ್ದರು, ಹಾಸಿಗೆ ಹೊಲಿಯುವ ಪಿಂಜಾರ ಹುಸೇನಸಾಬನ ಮನೆಯವರೂ ಇದ್ದರು. ಊರಿನ ಪಂಚರು ಅವರನ್ನು ಎಲ್ಲಿ ಇಳಿಸಬೇಕೆಂದು ಚಾವಡಿಯಲ್ಲಿ ಕೂತು ಮೂರು ಸುತ್ತು ಎಲೆಯಡಿಕೆ ಮೆದ್ದರು. ಮಾತು ಮುಗಿಯಲಿಲ್ಲ. ಅಜ್ಜನವರು ಎದ್ದು ಬಂದು, ಬಂದವರನ್ನೆಲ್ಲ ಹಿಂದಿಟ್ಟುಕೊಂಡು ಓಣಿ ಓಣಿ ನಡೆದರು. ಒಂದೊಂದು ಬಾಗಿಲಲ್ಲೂ ನಿಂತು, ಒಂದೊಂದು ಮನೆತನವನ್ನು ಮುಂದೆ ಮಾಡಿ, "ನಿಮ್ಮವರು ಬಂದಾರ" ಎಂದರು. ಅಷ್ಟೇ. ಬೇಡ ಎನ್ನುವ ಬಾಯಿ ಊರಲ್ಲಿ ಹುಟ್ಟಿರಲಿಲ್ಲ.

ಊರಗೌಡ ಮುದಕನಗೌಡರ ಮನೆಯ ಮುಂದೆ ನಿಂತಾಗ ಅಜ್ಜನವರ ಹಿಂದೆ ಉಳಿದಿದ್ದವಳು ಬಿಸರಹಾಳದ ಹಂಪವ್ವ. ವಯಸ್ಸು ಐವತ್ತರ ಆಸುಪಾಸು. ಗಂಡ ಹಿಂದೆಯೇ ತೀರಿಕೊಂಡಿದ್ದ. ಸೊಸೆ ಬಾಣಂತನದಲ್ಲಿ ಹೋಗಿದ್ದಳು. ಮಗ ಗಡಿಯ ಶಿಬಿರ ಸೇರಿ ಹೋರಾಟಕ್ಕೆ ನಿಂತಿದ್ದ. ಸೆರಗು ಹಿಡಿದು ನಿಂತ ಏಳು ವರುಷದ ಮೊಮ್ಮಗಳು ನೀಲಿಯೊಬ್ಬಳೇ ಅವಳ ಪರಿವಾರ.

"ಬಂಗಾರೆವ್ವಾ, ನಿಮ್ಮಾಕಿ ಬಂದಾಳ," ಎಂದರು ಅಜ್ಜನವರು.

ಗೌಡರ ಹೆಂಡತಿ ಬಂಗಾರೆವ್ವ ಹೊರಗೆ ಬಂದಳು. ಆಕೆಯ ಮನಸ್ಸು ಕೆಟ್ಟದ್ದಲ್ಲ. ಆದರೆ ಆ ಮನಸ್ಸಿನ ಮೇಲೆ ಮನೆತನದ ಹೆಸರು ಎಂಬುದೊಂದು ದಪ್ಪ ಕಂಬಳಿ ಹೊದ್ದುಕೊಂಡಿತ್ತು. ಅಜ್ಜನವರಿಗೆ ಇಪ್ಪತ್ತು ವರುಷ ಭಿಕ್ಷೆ ಹಾಕಿದ್ದಳು, ಒಂದು ದಿನವೂ ಕಾಲು ಮುಟ್ಟಿರಲಿಲ್ಲ. "ಹಾಕಾಕಿ ನಾನು, ಹಾಕಿಸ್ಕೊಳ್ಳೋರು ಅವರು. ಕಾಲು ನಾನ್ಯಾಕ ಹಿಡೀಲಿ?" ಎಂಬುದು ಆಕೆಯ ಲೆಕ್ಕಾಚಾರ. ಅಂಥವಳು ಹಂಪವ್ವನ ಧೂಳುಗಾಲನ್ನು ಮಾತ್ರ ಬಿಸಿನೀರು ತಂದು ತಾನೇ ತೊಳೆದಳು. ಊರೆಲ್ಲ ನೋಡಿತು. ಊರು ನೋಡಿದ್ದನ್ನು ಬಂಗಾರೆವ್ವನೂ ನೋಡಿದಳು.

ಬಂಗಾರೆವ್ವನ ಉಪಚಾರವೆಂದರೆ ಸಾಮಾನ್ಯರು ತಡೆದುಕೊಳ್ಳುವಂಥದ್ದಲ್ಲ. ಹೊಸ ಬೀಗರು ಬಂದರೆ ಹೇಗೆ ನೋಡಿಕೊಳ್ಳುತ್ತಾರೋ ಹಾಗೆ. ಪಡಸಾಲೆಯಲ್ಲಿ ಜಮಖಾನೆ, ಒರಗಲು ಲೋಡು. ಹಂಪವ್ವ ನೀರಿಗೆಂದು ಎದ್ದರೆ ಗೌಡರ ಸೊಸೆ ಓಡಿಬಂದು ತಂಬಿಗೆ ಕೊಡುವಳು. ಉಂಡ ತಾಟು ಎತ್ತಲು ಬಾಗಿದರೆ ಬಂಗಾರೆವ್ವ ಕಸಿದುಕೊಳ್ಳುವಳು. ಹಂಪವ್ವ ಸಾಕೆಂದು ತಾಟಿಗೆ ಅಂಗೈ ಅಡ್ಡ ಹಿಡಿದರೆ, ಬೆರಳ ಸಂದಿಯಿಂದಲೇ ತುಪ್ಪ ಇಳಿಯುವುದು. ದಿನವಿಡೀ ಆ ಮನೆಯಲ್ಲಿ ಕೇಳುತ್ತಿದ್ದುದು ಒಂದೇ ಮಾತು: "ಏಳಬ್ಯಾಡ್ರಿ ಹಂಪವ್ವಾರ, ಕುಂದರ್ರಿ, ಕುಂದರ್ರಿ."

ಹತ್ತನೆಯ ದಿನ ಹಂಪವ್ವ ಅಡುಗೆಮನೆಯ ಬಾಗಿಲಿಗೆ ಬಂದು, "ಗೌಡಶ್ಯಾನೇರ, ನಾನೂ ಎರಡು ರೊಟ್ಟಿ ಬಡೀತೀನ್ರಿ," ಎಂದಿದ್ದಳು.

"ಅಯ್ಯ, ನಿಮ್ಮ ಕೈಲೆ ರೊಟ್ಟಿ ಬಡಿಸಿದ್ರ ಮಂದಿ ನನ್ನ ಮಾರಿಗೆ ಉಗುಳ್ತಾರ," ಎಂದು ಬಂಗಾರೆವ್ವ ನಕ್ಕು, ಭುಜ ಹಿಡಿದು ತಿರುಗಿಸಿ ಜಮಖಾನೆಯ ಮೇಲೆ ತಂದು ಕೂರಿಸಿದಳು. ಅದಕ್ಕೊಂದು ಕಾರಣವೂ ಇತ್ತು. ಕೆಳಗಿನ ಓಣಿಯ ಸಂಕವ್ವ ತನ್ನ ಮನೆಗೆ ಬಂದವರ ಕೈಯಲ್ಲಿ ಸಗಣಿ ಬಳಿಸಿ, ಕುಳ್ಳು ತಟ್ಟಿಸಿದ್ದು ಊರಿಗೆ ಗೊತ್ತಾಗಿತ್ತು. ಬಂಗಾರೆವ್ವ ಅಗಸಿಯಲ್ಲಿ ನಾಲ್ಕು ಮಂದಿಯ ಮುಂದೆಯೇ ಅವಳ ನೀರಿಳಿಸಿದ್ದಳು: "ಕಷ್ಟಪಟ್ಟು ಬಂದವರನ್ನ ಆಳು ಮಾಡ್ಕೊಂಡೀಯಲ್ಲ, ನಿನ್ನ ಮನಿಗೆ ನಾಯಿ ಹೋಗೂದಿಲ್ಲ." ಹಾಗೆ ಅಂದವಳು ತಾನೇ ಹಂಪವ್ವನ ಕೈಗೆ ಹಿಟ್ಟು ಕೊಡುವುದುಂಟೆ?

ಹಂಪವ್ವ ಕೂತಳು. ಬಿಸರಹಾಳದಲ್ಲಿ ಸುಗ್ಗಿಯ ರಾಶಿಗೆ ಇಪ್ಪತ್ತು ಆಳಿಗೆ ಒಬ್ಬಳೇ ರೊಟ್ಟಿ ಬಡಿದು ಬುತ್ತಿ ಕಳಿಸುತ್ತಿದ್ದವಳು ನಾಲ್ಕು ತಿಂಗಳು ಲೋಡಿಗೆ ಒರಗಿ ಕೂತಳು. ಕೂತಲ್ಲೇ ಅವಳ ಬಲಗೈ ತೊಡೆಯ ಮೇಲೆ ತಟ್, ತಟ್, ತಟ್ ಎಂದು ಬಡಿಯುತ್ತ, ಒಂದು ಸುತ್ತಿಗೊಮ್ಮೆ ತಿರುಗುತ್ತಿತ್ತು. ಅದು ಅವಳಿಗೂ ಗೊತ್ತಿರಲಿಲ್ಲ. ಬಂಗಾರೆವ್ವ ಅದನ್ನು ನೋಡಿ ವಾಯುವೆಂದು ತಿಳಿದು, ಬೇವಿನೆಣ್ಣೆ ಕಾಯಿಸಿ ಕೈಗೆ ತಿಕ್ಕಿಸಿದಳು. ಕೈ ಮತ್ತೂ ಜೋರಾಗಿ ಬಡಿಯತೊಡಗಿತು. ಎಣ್ಣೆ ಬದಲಿಸಿದರು.

ನೀಲಿ ಮಾತ್ರ ಬೆಣ್ಣೆ ತಿಂದು ಗುಂಡಗಾದಳು. ಹಂಪವ್ವ ಒಂದು ರೊಟ್ಟಿಯಿಂದ ಅರ್ಧಕ್ಕೆ ಇಳಿದಳು, ಅರ್ಧದಿಂದ ಕಾಲಿಗೆ. ಕುಪ್ಪಸದ ತೋಳು ಸಡಿಲಾಯಿತು, ಕೊರಳ ಎಲುಬು ಎದ್ದು ಕಂಡಿತು. ಮುಂಗಾರಿನ ಮಿರಗದ ಮಳೆ ಶುರುವಾದ ಒಂದು ಸೋಮವಾರ ಅವಳು ಕೈಮುಗಿದು ನಿಂತಳು.

"ಗೌಡಶ್ಯಾನೇರ, ಶುಕ್ರವಾರ ಗಡಿ ಕಡೆ ಗಾಡಿ ಹೊಂಟಾವಂತ. ನಾನೂ ನನ್ನ ಮೊಮ್ಮಗಳೂ ಹೋಗ್ತೀವ್ರಿ."

"ಎಲ್ಲಿಗೆ?"

"ಬಿಸರಹಾಳಕ್ಕ."

ಬಂಗಾರೆವ್ವನ ಕೈಯಲ್ಲಿದ್ದ ಮೊರ ಕೆಳಗಿಳಿಯಿತು. "ಬಿಸರಹಾಳ ಎಲ್ಲೈತಿ? ಸುಟ್ಟೈತಲ್ಲ. ಹೋದ ತಿಂಗಳು ಹೋದ ಮೂರು ಮಂದಿ ಇದಾರೋ ಇಲ್ಲೋ ಅಂತ ಇವತ್ತಿನ ತನಕ ಸುದ್ದಿಯಿಲ್ಲ. ಈ ಕೂಸನ್ನ ಕಟಗೊಂಡು ಅಲ್ಲಿಗೆ ಹೋಗ್ತೀರಿ?"

"ಸುಟ್ಟ ಗ್ವಾಡಿ ಮೂಲ್ಯಾಗ ಮೂರು ಕಲ್ಲು ಹೂಡಿ ಒಲಿ ಹಚ್ತೀನ್ರಿ. ನಿಮ್ಮ ಋಣ ದೊಡ್ಡದು. ತಪ್ಪು ತಿಳೀಬ್ಯಾಡ್ರಿ."

ಬಂಗಾರೆವ್ವನಿಗೆ ಎದೆಯಲ್ಲಿ ಎರಡು ಮುಳ್ಳು ಒಟ್ಟಿಗೇ ಚುಚ್ಚಿದವು. ಈ ಹೆಂಗಸು, ಈ ಕೂಸು ಸಾಯಲು ಹೊರಟಿದ್ದಾರೆ ಎಂಬುದೊಂದು. ನನ್ನ ಮನೆಯಲ್ಲಿ ಏನು ಕಡಿಮೆಯಾಯಿತು ಎಂಬುದಿನ್ನೊಂದು. ಯಾವುದು ಹೆಚ್ಚು ನೋಯುತ್ತದೆ ಎಂದು ತಿಳಿಯದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಗಾಣದ ಕಡೆ ನಡೆದಳು.

ಶ್ರೀಗಳು ಗುಡಿಸಲ ಮುಂದೆ ಕೂತು ಹರಿದ ಜೋಳಿಗೆ ಹೊಲಿಯಲು ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ಸೂಜಿಯ ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ ಹೋಗುತ್ತಿತ್ತು. ಕಣ್ಣಿನೊಳಗೆ ಮಾತ್ರ ಹೋಗುತ್ತಿರಲಿಲ್ಲ. ಬಂಗಾರೆವ್ವ ಸಿಟ್ಟಿನಲ್ಲೇ ಅದನ್ನು ಕಸಿದುಕೊಂಡು, ದಾರದ ತುದಿ ಬಾಯಲ್ಲಿ ಹಸಿ ಮಾಡಿ, ಪೋಣಿಸಿ ಕೊಟ್ಟಳು.

"ಅಜ್ಜಾರ, ನೀವು ನಮ್ಮನಿಗೆ ಕೊಟ್ಟ ಜೀವ ದಿನಾ ಕರಗಾಕ ಹತ್ತೈತಿ. ಶುಕ್ರವಾರ ಬೆಂಕ್ಯಾಗ ಬೀಳಾಕ ಹೊಂಟಾಳ. ನೀವು ಒಂದು ಮಾತು ಹೇಳಿ ನಿಲ್ಲಸ್ರಿ."

"ಏನು ಉಣಸ್ತೀವ್ವ?"

"ಏನು ಉಣಸಂಗಿಲ್ಲ ಅಂತ ಕೇಳ್ರಿ. ಹೋಳಿಗಿ, ಹುಗ್ಗಿ, ಮಾಲ್ದಿ. ದಿನಾ ತುಪ್ಪ. ನಮ್ಮ ಗೌಡರಿಗೂ ಅಷ್ಟು ತುಪ್ಪ ಹಾಕಿಲ್ಲ."

"ಮತ್ತ, ಏನು ಮಾಡಸ್ತಿ?"

"ಮಾಡಸೂದು?" ಬಂಗಾರೆವ್ವನಿಗೆ ಮೈ ಉರಿಯಿತು. "ನಾಲ್ಕು ತಿಂಗಳಾತು, ಒಂದು ಕಡ್ಡಿ ಆ ಕಡೆದು ಈ ಕಡೆ ಇಡಾಕ ಬಿಟ್ಟಿಲ್ಲ. ನಾನೇನು ಸಂಕವ್ವನೇನ್ರಿ?"

ಅಜ್ಜನವರು ದಾರಕ್ಕೆ ಗಂಟು ಹಾಕಿದರು. ಬಹಳ ಹೊತ್ತು ಹೊಲಿದರು. ಆಮೇಲೆ, "ನಾಳೆ ಭಿಕ್ಷಾಕ ನಿಮ್ಮ ಕಡೆ ಬರ್ತೀನಿ," ಎಂದರು.

ಬಂಗಾರೆವ್ವ ದಾರಿಯುದ್ದಕ್ಕೂ ಗೊಣಗಿದಳು. "ಔಷಧ ಕೇಳಾಕ ಹೋದ್ರ ಊಟ ಕೇಳಿ ಕಳಿಸಿದ್ರು."

ಮಂಗಳವಾರ ಅಜ್ಜನವರು ಬಂದರು. ಐದರಲ್ಲಿ ಅದೇ ಮೊದಲ ಮನೆ. ಬಂಗಾರೆವ್ವ ಎರಡು ರೊಟ್ಟಿ, ಮೇಲೆ ಬೆಣ್ಣೆಯುಂಡೆ ಇಟ್ಟುಕೊಂಡು ಹೊಸ್ತಿಲಲ್ಲಿ ಸಿದ್ಧಳಾಗಿದ್ದಳು. ಅಜ್ಜನವರು ಕಟ್ಟೆಯ ಕೆಳಗೆ ನಿಂತು ಕರೆದರು.

"ಹಂಪವ್ವಾ."

ಬಂಗಾರೆವ್ವ ಕೈ ಮುಂದೆ ಚಾಚಿದಳು. "ತಗೋರಿ ಅಜ್ಜಾರ."

"ನಿನ್ನ ಕರದಿಲ್ಲ ತಾಯಿ," ಎಂದರು ಅಜ್ಜನವರು ಮೆಲ್ಲಗೆ.

ಪಡಸಾಲೆಯ ಕಂಬದ ಮರೆಯಲ್ಲಿ ಹಂಪವ್ವ ಎದ್ದು ನಿಂತಿದ್ದಳು. ನಾಲ್ಕು ತಿಂಗಳಲ್ಲಿ ತನ್ನ ಹೆಸರನ್ನು ಯಾರೂ ಹಾಗೆ, ಒಂದು ಮನೆಯ ಒಡತಿಯನ್ನು ಕರೆಯುವಂತೆ ಕರೆದಿರಲಿಲ್ಲ. ಅವಳು ತನ್ನ ಎರಡೂ ಅಂಗೈ ನೋಡಿಕೊಂಡಳು. "ನನ್ನ ಕೈಯಾಗ ಏನೈತ್ರಿ, ಅಜ್ಜಾರ," ಎಂದಳು. ಅಜ್ಜನವರು ಒಂದು ಆಕಳು ಹಿಂಡುವಷ್ಟು ಹೊತ್ತು ನಿಂತರು. ಖಾಲಿ ಜೋಳಿಗೆ ಹೆಗಲಿಗೆ ಹಾಕಿಕೊಂಡು, ಬಂದ ದಾರಿಯಲ್ಲೇ ತಿರುಗಿ ಗುಡಿಸಲಿಗೆ ಹೋದರು.

ಮಧ್ಯಾಹ್ನದೊಳಗೆ ಊರಿಗೆ ಸುದ್ದಿಯಾಯಿತು. ಹನ್ನೆರಡೆತ್ತಿನ ಕಮತದ ಮನೆಯ ಬಾಗಿಲಿಂದ ಅಜ್ಜನವರು ಬರಿಗೈಯಲ್ಲಿ ಹೋದರಂತೆ. ಬಾವಿಕಟ್ಟೆಯಲ್ಲಿ ಬೇರೆ ಮಾತೇ ಇಲ್ಲ. ಮುದಕನಗೌಡರು ಹೊಲದಿಂದ ಬಂದವರೇ ಹೆಂಡತಿಯನ್ನು ಕೇಳಿದರು: "ಏನ ಮಾಡಿದೆಲೇ ಅಜ್ಜಾರಿಗೆ?"

"ನಾನೇನ ಮಾಡ್ಲಿ? ಬೆಣ್ಣಿ ಹಚ್ಚಿ ಹಿಡದು ನಿಂತಿದ್ದೆ. ಬ್ಯಾಡ ಅಂದ್ರು."

"ಬೆಣ್ಣಿ ಕಡಿಮಿ ಹಚ್ಚಿದ್ದೇನ?"

ಬಂಗಾರೆವ್ವ ಗಂಡನನ್ನು ನೋಡಿದ ನೋಟಕ್ಕೆ ಗೌಡರು ಮತ್ತೆ ಹೊಲಕ್ಕೇ ಹೋದರು.

ಬುಧವಾರ ಬಂಗಾರೆವ್ವ ಒಂದು ಉಪಾಯ ಹೂಡಿದಳು. ತಾನು ಬಡಿದ ರೊಟ್ಟಿಯನ್ನು ಹಂಪವ್ವನ ಕೈಗೆ ಕೊಟ್ಟು, "ಇದು ನಿಮಗ ಕೊಟ್ಟೀನಿ. ಕೊಟ್ಟ ಮ್ಯಾಲೆ ನಿಮ್ಮದೇ ಆತು. ಈಗ ನೀವು ಹಾಕ್ರಿ," ಎಂದಳು. ಹಂಪವ್ವ ಹಿಂಜರಿಯುತ್ತಲೇ ಹೊಸ್ತಿಲಿಗೆ ಬಂದಳು. ಅಜ್ಜನವರು ರೊಟ್ಟಿಯನ್ನು ಮುಟ್ಟಲಿಲ್ಲ, ಬಾಗಿ ನೋಡಿದರು. ಅಗಲವಾಗಿ, ಅಂಚು ಕಾಗದದಂತೆ ತೆಳ್ಳಗಾಗಿ, ನಡುವೆ ಐದು ಬೆರಳಿನ ಗುರುತು ಒತ್ತಿದ ರೊಟ್ಟಿ. ಇಪ್ಪತ್ತು ವರುಷ ಉಂಡ ರೊಟ್ಟಿ.

"ಇದು ಬಂಗಾರೆವ್ವನ ಕೈ," ಎಂದು ನಕ್ಕರು. ನಿಲ್ಲುವಷ್ಟು ಹೊತ್ತು ನಿಂತರು. ಹೋದರು. ಹೋಗುವಾಗ ಅವರ ನಡಿಗೆ ಸ್ವಲ್ಪ ನಿಧಾನವಾಗಿತ್ತು. ಅಜ್ಜನವರಿಗಾಗಲೇ ಎಪ್ಪತ್ತು ದಾಟಿತ್ತು.

ಆ ಸಂಜೆ ಹಂಪವ್ವ ಉಣ್ಣಲೇ ಇಲ್ಲ. ಬಂಗಾರೆವ್ವ ತಾಟು ಹಿಡಿದು ಎದುರಿಗೆ ಕೂತಳು. ಉಪಚಾರದ ಮಾತು ಬಾಯಿಗೆ ಬರುವ ಮೊದಲೇ ಹಂಪವ್ವ ಅಂದಳು:

"ಗೌಡಶ್ಯಾನೇರ, ಮನಿ ಸುಡುವಾಗ ನಾನು ಅತ್ತಿಲ್ಲ. ಅವತ್ತೂ ನಾನು ಇಷ್ಟು ಬಡವಿ ಅನಿಸಿದ್ದಿಲ್ರಿ. ಬಾಗಲಕ್ಕ ಬಂದ ಶರಣರಿಗೆ ಒಂದು ರೊಟ್ಟಿ ಹಾಕದಂಥಾಕಿ ಆಗಿಬಿಟ್ನಿ."

ಬಂಗಾರೆವ್ವನ ಕೈಯಲ್ಲಿದ್ದ ತಾಟು ಸುಮ್ಮನೆ ಹಾಗೇ ಉಳಿಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು "ಉಣ್ರಿ" ಅನ್ನಲಿಲ್ಲ.

ಗುರುವಾರ ಬೆಳಗಿನ ಜಾವ ಬಂಗಾರೆವ್ವ ಎಸರಿಟ್ಟು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನೆರಳು ಬಿತ್ತು. ಹಂಪವ್ವ ಒಳಗೆ ಕಾಲಿಡಲಿಲ್ಲ.

"ಒಂದ ರೊಟ್ಟಿ," ಎಂದಳು. "ಒಂದು ಬಡಿದು ಹೋಗಿಬಿಡ್ತೀನ್ರಿ."

ಬಂಗಾರೆವ್ವನಿಗೆ ಸಂಕವ್ವನ ಮುಖ ಕಣ್ಣ ಮುಂದೆ ಬಂತು. ಬಾವಿಕಟ್ಟೆ ಬಂತು. ಎಲ್ಲಕ್ಕಿಂತ ಮುಂದೆ, ಖಾಲಿ ಜೋಳಿಗೆ ಹೊತ್ತು ನಿಧಾನವಾಗಿ ನಡೆದುಹೋದ ಬೆನ್ನು ಬಂತು. ಒಲೆಯ ಮುಂದಿನ ಮಣೆಯಿಂದ ಎದ್ದು ಪಕ್ಕಕ್ಕೆ ಸರಿದಳು.

ಹಂಪವ್ವ ಕೂತಳು. ಹಿಟ್ಟಿಗೆ ಎಸರು ಹೊಯ್ದು ನಾದಿದಳು. ಮೊದಲ ರೊಟ್ಟಿ ಹರಿಯಿತು. ಎರಡನೆಯದು ಹಂಚಿಗೆ ಹಾಕುವಾಗ ಮಡಚಿಕೊಂಡಿತು. ಬಂಗಾರೆವ್ವನ ಬಾಯಲ್ಲಿ "ಸರೀರಿ, ನಾನು ಬಡೀತೀನಿ" ಎಂಬ ಮಾತು ಬಂದು ಹಲ್ಲಿಗೆ ತಾಗಿತು. ನಾಲಗೆ ಕಚ್ಚಿ ಹಿಡಿದಳು. ಆ ವರುಷ ಮುಳ್ಳಗೇರಿಯಲ್ಲಿ ನಡೆದ ತಪಸ್ಸುಗಳಲ್ಲಿ ಇದೂ ಸಣ್ಣದಲ್ಲ. ಮೂರನೆಯದಕ್ಕೆ ಕೈಗೆ ತನ್ನ ವಿದ್ಯೆ ನೆನಪಾಯಿತು. ತಟ್, ತಟ್, ತಟ್, ಒಂದು ಸುತ್ತು. ತಟ್, ತಟ್, ತಟ್, ಇನ್ನೊಂದು ಸುತ್ತು. ಆಗ ಬಂಗಾರೆವ್ವನಿಗೆ, ತಾನು ನಾಲ್ಕು ತಿಂಗಳು ಎಣ್ಣೆ ತಿಕ್ಕಿಸಿದ ವಾಯು ಯಾವುದೆಂದು ತಿಳಿಯಿತು. ಮುಖ ಆ ಕಡೆ ತಿರುಗಿಸಿ ಒಲೆ ಊದಿದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಸಪ್ಪಳಕ್ಕೆ ನೀಲಿ ಎದ್ದು ಬಂದಳು. ಕಣ್ಣು ಪೂರ್ತಿ ಬಿಟ್ಟಿರಲಿಲ್ಲ. ಗೋಡೆ ತಡವದೆ, ಯಾರನ್ನೂ ಕೇಳದೆ, ನೇರ ಹೋಗಿ ಅಜ್ಜಿಯ ಬೆನ್ನಿಗೆ ಒರಗಿ ಕೂತು, "ಅಂಚು ನನಗ," ಎಂದಳು. ಹಂಪವ್ವನ ರೊಟ್ಟಿ ಸಣ್ಣದು, ದಪ್ಪ, ಅಂಚು ಗರಿಗರಿ.

ಹೊತ್ತೇರುವಾಗ ಅಜ್ಜನವರು ಬಂದು ಕಟ್ಟೆಗೆ ಕೈಯೂರಿ ನಿಂತರು.

"ಹಂಪವ್ವಾ."

ಅವಳು ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈಯಲ್ಲಿ ರೊಟ್ಟಿ ಹಿಡಿದು ಬಂದಳು. ಅಜ್ಜನವರು ಎರಡೂ ಕೈಯಿಂದ ಜೋಳಿಗೆ ತೆರೆದು ಹಿಡಿದರು. ರೊಟ್ಟಿ ಬಿತ್ತು. ಅಜ್ಜನವರು ಮುಂದೆ ಹೆಜ್ಜೆಯಿಡಲಿಲ್ಲ. ಅದೇ ಬಾಗಿಲಿಗೆ, ನಿಂತಲ್ಲೇ ನಿಂತು, ಮತ್ತೊಮ್ಮೆ ಕರೆದರು.

"ಬಂಗಾರೆವ್ವಾ."

ಬಂಗಾರೆವ್ವ ಗಾಬರಿಯಾಗಿ ಒಳಗೆ ಓಡಿ, ತನ್ನ ರೊಟ್ಟಿ ತಂದು ಹಾಕಿದಳು. ಬೆಣ್ಣೆ ಇಡುವುದು ಮರೆತೇಹೋಯಿತು.

"ಎರಡು ಮನಿ ಆತು," ಎಂದರು ಅಜ್ಜನವರು. "ಇನ್ನು ಮೂರು." ಅಷ್ಟೇ ಹೇಳಿ ಮುಂದಿನ ಬಾಗಿಲಿಗೆ ನಡೆದರು.

ಅಂದು ಮಧ್ಯಾಹ್ನ ಹಂಪವ್ವ ಒಂದು ಇಡೀ ರೊಟ್ಟಿ ಉಂಡಳು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಬಂಗಾರೆವ್ವನ ಅಭ್ಯಾಸವೆಂಬುದು ಒಂದೇ ದಿನಕ್ಕೆ ಸಾಯುವ ಪ್ರಾಣಿಯಲ್ಲ. ಹಂಪವ್ವ ಕೈ ತೊಳೆದು ಬರುವಷ್ಟರಲ್ಲಿ ಜಮಖಾನೆ ಹಾಸಿ, ಲೋಡು ಬಡಿದು ಇಟ್ಟಿದ್ದಳು. "ಬಾಳ ದಣದೀರಿ ಹಂಪವ್ವಾರ. ಕುಂದರ್ರಿ." ಹಂಪವ್ವ ಜಮಖಾನೆ ನೋಡಿದಳು. ಕೂತಳು. ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗಿ ಗಂಟು ಕಟ್ಟಿದಳು.

ಶುಕ್ರವಾರ ಗಾಡಿ ಬಂದು ಗೌಡರ ಮನೆಯ ಮುಂದೆ ನಿಂತಿತು. ಶಿಬಿರಕ್ಕೆ ಜೋಳದ ಚೀಲ ಒಯ್ಯುವ ಗಾಡಿ. ಅದರ ಮೇಲೆ ಇಬ್ಬರಿಗೆ ಜಾಗವಿತ್ತು. ಓಣಿಯ ಹೆಂಗಸರು ಕಳಿಸಲು ಬಂದರು. ಸಂಕವ್ವನೂ ಬಂದಿದ್ದಳು, ಕಳಿಸಲೋ, ನೋಡಲೋ ಹೇಳಲಾಗದು. ಹಂಪವ್ವ ನೀಲಿಯನ್ನು ಎತ್ತಿ ಚೀಲದ ಮೇಲೆ ಕೂರಿಸಿದಳು. ನೀಲಿ ಅಳಲಿಲ್ಲ, ಆದರೆ ಗಾಡಿಯ ಹಗ್ಗ ಬಿಗಿಯಾಗಿ ಹಿಡಿದುಕೊಂಡು ಬಂಗಾರೆವ್ವನನ್ನೇ ನೋಡಿದಳು.

ಬಂಗಾರೆವ್ವ ಇಳಕಲ್ಲ ಸೀರೆಯೊಂದನ್ನು ಹರಿವಾಣದಲ್ಲಿಟ್ಟು ತಂದಿದ್ದಳು. ಬೀಗರನ್ನು ಕಳಿಸುವಾಗ ಕೊಡುವ ಸೀರೆ. ಕೊಡಲು ಕೈ ಎತ್ತಿದಳು, ಅಲ್ಲೇ ನಿಂತಳು. ಬೀಗರು ಬರುತ್ತಾರೆ, ಐದು ದಿನ ಉಣ್ಣುತ್ತಾರೆ, ಸೀರೆ ಉಡಿಸಿಕೊಂಡು ಹೋಗುತ್ತಾರೆ. ಹೋಗಲೆಂದೇ ಅಲ್ಲವೆ ಅಷ್ಟು ಉಪಚಾರ? ನಾಲ್ಕು ತಿಂಗಳು ತಾನು ದಿನಾ ತುಪ್ಪ ಹಾಕಿ ಈಕೆಗೆ ಹೇಳುತ್ತ ಬಂದದ್ದು ಏನು? ಅಜ್ಜನವರು ಎರಡು ಮನೆ ಎಂದರು. ಅದರಲ್ಲೊಂದು ಮನೆಯ ಒಡತಿ ಗಾಡಿಯ ಗಾಲಿಗೆ ಕಾಲಿಡುತ್ತಿದ್ದಾಳೆ. ಇನ್ನೊಂದರ ಒಡತಿ ಸೀರೆ ಹಿಡಿದು ನಿಂತಿದ್ದಾಳೆ.

ಬಂಗಾರೆವ್ವ ಹರಿವಾಣವನ್ನು ಕಟ್ಟೆಯ ಮೇಲೆ ಕುಕ್ಕಿ ಸರಕ್ಕನೆ ಒಳಗೆ ಹೋದಳು. ಹೊರಗಿದ್ದವರು ಅಳಲು ಹೋದಳೆಂದುಕೊಂಡರು. ಅವಳು ಹೋದದ್ದು ಅಡುಗೆಮನೆಗೆ. ನಾದುವ ದೊಡ್ಡ ಕೊಣಮಿಗೆಯಲ್ಲಿ ನಾಲ್ಕು ಸೇರು ಹಿಟ್ಟು ಸುರಿದಳು. ಒಲೆಯ ಮೇಲೆ ಕುದಿಯುತ್ತಿದ್ದ ಎಸರನ್ನು ಅಳತೆಯಿಲ್ಲದೆ ಹೊಯ್ದಳು. ಮೊಣಕೈತನಕ ಹಿಟ್ಟು ಮಾಡಿಕೊಂಡು, ಬೀದಿಗೆ ಕೇಳುವಂತೆ ಕೂಗಿದಳು.

"ಏ ಹಂಪೀ."

ಓಣಿಯ ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿದರು. ಗೌಡಶ್ಯಾನಿ 'ರೀ' ಬಿಟ್ಟು ಕೂಗಿದ್ದಳು.

"ಹೋಗಾಕಿ ಹೋಗು. ಹಿಟ್ಟು ನಾದಿ ಕುಂತೀನಿ, ಇಷ್ಟು ಹಿಟ್ಟು ನಾನೊಬ್ಬಾಕೀನೇ ಬಡೀಬೇಕೇನು? ನಿನ್ನ ಮಗನ ಶಿಬಿರಕ್ಕೂ ಬುತ್ತಿ ಕಟ್ಟಬೇಕಲ್ಲ. ಬಾ ಒಳಗ."

ಹಂಪವ್ವನ ಒಂದು ಕಾಲು ಗಾಲಿಯ ಅರದ ಮೇಲಿತ್ತು.

ಸಂಕವ್ವ ಇಂಥ ದಿನಕ್ಕೇ ನಾಲ್ಕು ತಿಂಗಳಿಂದ ಕಾದಿದ್ದಳು. "ಏನ ಗೌಡಶ್ಯಾನಿ," ಎಂದು ಬಾಗಿಲೊಳಗೆ ಇಣುಕಿದಳು, "ಅಗಸ್ಯಾಗ ನಿಂತು ನನ್ನ ಮಾನ ಕಳದಿದ್ದೆಲ್ಲ. ಈಗ ನಿನ್ನ ಮನ್ಯಾಗೂ ಬಂದವರ ಕೈಲೆ ದುಡಿಸ್ಕೊಳ್ಳಾಕ ಹತ್ತೀಯೇನು?"

ಬಂಗಾರೆವ್ವ ಹಿಟ್ಟಿನ ಕೈ ಹಾಗೇ ಹಿಡಿದು ಹೊಸ್ತಿಲಿಗೆ ಬಂದಳು. ಓಣಿಯ ಎಲ್ಲ ಕಣ್ಣೂ ತನ್ನ 'ಹೆಸರಿನ' ಮೇಲಿರುವುದು ಅವಳಿಗೆ ಕಂಡಿತು.

"ಹೌದವಾ ಸಂಕವ್ವ, ದುಡಿಸ್ಕೋತೀನಿ," ಎಂದಳು. "ನಮ್ಮಕ್ಕ ಆಕಿ, ದುಡೀತಾಳ. ನಾನೂ ದುಡೀತೀನಿ. ಹೋಗು, ಬಾವಿಕಟ್ಟ್ಯಾಗ ಹೇಳು."

ಗಾಡಿಯವನಿಗೆ ಹೊತ್ತಾಗುತ್ತಿತ್ತು. "ಬರ್ತೀಯೇನಬೇ, ಇಲ್ಲೇನು?" ಎಂದ.

ಹಂಪವ್ವ ಬಾಗಿಲ ಕಡೆ ನೋಡಿದಳು. ಬಂಗಾರೆವ್ವನ ಕೈಯಿಂದ ಹಿಟ್ಟು ತೊಟ್ಟಿಕ್ಕುತ್ತಿತ್ತು.

"ನೀರು ಎಷ್ಟು ಹೊಯ್ದೀ ನೋಡು," ಎಂದಳು ಹಂಪವ್ವ. "ರೊಟ್ಟಿ ಹಿಟ್ಟೇನ ಅದು? ಅಂಬಲಿ ಕಾಸಾಕ ಹೊಂಟೀಯೇನು?" ಕಾಲು ಗಾಲಿಯಿಂದ ಇಳಿಯಿತು. ನೀಲಿಯನ್ನು ಎತ್ತಿ ಕೆಳಗಿಳಿಸಿ, ಗಾಡಿಯವನಿಗೆ, "ಒಂದು ತಾಸು ನಿಲ್ಲಪ್ಪ, ಬುತ್ತಿ ಕೊಡ್ತೀವಿ. ಆಮ್ಯಾಲೆ ನೀನು ಹೊಡಿ," ಎಂದಳು.

ಆ ಗಾಡಿಯಲ್ಲಿ ಅರವತ್ತು ರೊಟ್ಟಿ ಗಡಿಗೆ ಹೋದವು. ಹಂಪವ್ವ ಹೋಗಲಿಲ್ಲ. ಆ ಮಳೆಗಾಲ ಮುಗಿದು ಆಚೆ ಸೀಮೆ ತಣ್ಣಗಾದ ಮೇಲೆ, ಮಗನೇ ಬಂದು ಕರೆದುಕೊಂಡು ಹೋದದ್ದು ಬೇರೆ ಮಾತು. ಅಲ್ಲಿಯ ತನಕ ಆ ಅಡುಗೆಮನೆಯಲ್ಲಿ ಉಪ್ಪು ಹೆಚ್ಚೋ ಕಡಿಮೆಯೋ ಎಂದು ನಡೆದ ಜಗಳಗಳನ್ನು ಮುದಕನಗೌಡರು ಹೊರಗಿನ ಕಟ್ಟೆಯ ಮೇಲೆ ಕೂತು ಕೇಳಿ, ಯಾರ ಕಡೆಗೂ ಮಾತಾಡದೆ ಉಳಿದುಕೊಂಡರು.

ಆ ಶುಕ್ರವಾರ, ಗಾಡಿ ಅಗಸಿ ದಾಟಿದ್ದೇ ತಡ, ಬಂಗಾರೆವ್ವ ಗಾಣದ ಕಡೆ ನಡೆದಳು. ಶ್ರೀಗಳು ಗುಡಿಸಲ ಮುಂದೆ ಬಿಸಿಲಿಗೆ ಮೈ ಕಾಯಿಸುತ್ತ ಕೂತಿದ್ದರು. ಅವಳು ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತುಗಳು ದಾರಿಯಲ್ಲೇ ಉದುರಿಹೋಗಿದ್ದವು. ಇಪ್ಪತ್ತು ವರುಷ ಬಾಗದಿದ್ದ ಬೆನ್ನು ಬಾಗಿತು. ಹಣೆಯನ್ನು ಅಜ್ಜನವರ ಪಾದಕ್ಕೆ ಮುಟ್ಟಿಸಿ, ಬಹಳ ಹೊತ್ತು ಏಳಲಿಲ್ಲ. ಎದ್ದಾಗಲೇ ಅವಳಿಗೆ ತನ್ನ ಕೈ ಖಾಲಿಯಿರುವುದು ನೆನಪಾದದ್ದು.

"ಅವಸರದಾಗ ಬಂದೆ ಅಜ್ಜಾರ," ಎಂದಳು ನಾಚಿಕೊಂಡು. "ಏನೂ ತಂದಿಲ್ಲ."

ಅಜ್ಜನವರು ಆ ಕೈ ನೋಡಿದರು. ಮೊಣಕೈತನಕ ಹಿಟ್ಟು ಒಣಗಿ ಬಿರುಕುಬಿಟ್ಟಿತ್ತು.

"ಇಷ್ಟು ವರುಷ ಹೆಸರು ಇಟಗೊಂಡು ರೊಟ್ಟಿ ಹಾಕ್ತಿದ್ದಿ ತಾಯಿ," ಎಂದರು. "ಇವತ್ತ ಹೆಸರೂ ಹಾಕಿದಿ. ಮುಟ್ಟಿತು."

ಬಂಗಾರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಖಕ್ಕೆಲ್ಲ ಹಿಟ್ಟಾಯಿತು. ಅಜ್ಜನವರು ಕೈ ಬೀಸಿ, "ಹೋಗು, ಹೊತ್ತಾತು," ಎಂದರು.

ಅವಳು ಹೊರಟಳು. ಗಾಣದ ಓಣಿ ಮುಗಿಯುವ ತನಕ ಮೆಲ್ಲಗೆ ನಡೆದಳು. ತನ್ನ ಓಣಿಗೆ ತಿರುಗಿದ ಮೇಲೆ ಬಂಗಾರೆವ್ವನ ಕಾಲುಗಳು ತಾವಾಗಿಯೇ ಬಿರುಸಾದವು. ತಡವಾಗಿ ಹೋದರೆ ಬೈಯುವವರು ಈಗ ಮನೆಯಲ್ಲಿದ್ದರು.